ಅನ್ನವಿಲ್ಲದ ಹಬ್ಬ

ಇಸ್ರೇಲಿಗೆ ಬಂದ ಮೊದಲ ವರ್ಷ, ಯೆಹೂದಿಗಳ ಪೆಸಾಹ್ ಹಬ್ಬಕ್ಕೆ ನನ್ನ ಕುಚ್ಚಲಕ್ಕಿಯ ಡಬ್ಬ ಬೀರು ಸೇರಿತು. ಬೀರಿನ ಬಾಗಿಲಿಗೆ ಅಂಟುಪಟ್ಟಿ. ನಾನು ನೋಡಿಕೊಳ್ಳುವ ಅಜ್ಜಿಯನ್ನು ಮನೆಯವರಂತೆ ನಾನೂ ‘ಸಾವ್ತಾ’ ಎನ್ನುತ್ತೇನೆ. ಹೀಬ್ರೂ ಭಾಷೆಯಲ್ಲಿ ಅಜ್ಜಿ ಎಂದರ್ಥ. ಹಬ್ಬಕ್ಕೆ ಎರಡು ವಾರ ಮೊದಲೇ ಸೋಫಾದ ಸಂದು, ಕೋಟಿನ ಜೇಬು ಜಾಲಾಡಿ ಬ್ರೆಡ್ಡಿನ ಒಂದು ಚೂರೂ ಉಳಿಯದಂತೆ ಒರೆಸಿದ್ದೆವು. ಹುಳಿ ಬರಿಸಿದ ಹಿಟ್ಟು ವರ್ಜ್ಯ ಎಂದರೆ ಒಪ್ಪೋಣ, ಅನ್ನ ಏನು ತಪ್ಪು ಮಾಡಿತ್ತು? ಸಾವ್ತಾ ಪೋಲೆಂಡ್ ಮೂಲದ ಅಷ್ಕೆನಾಜಿ, ಅಂದರೆ ಯುರೋಪಿನ ಯೆಹೂದಿ ಮನೆತನದವರು. ಅವರಲ್ಲಿ ಅಕ್ಕಿ ಬೇಳೆಗೂ ಆ ಏಳು ದಿನ ನಿಷೇಧ. ಎದುರುಮನೆಯ ಇರಾಕ್ ಮೂಲದ ಯೆಹೂದಿಗಳಿಗೆ ಆ ಕಟ್ಟುಪಾಡಿಲ್ಲ. ಅವರ ಕಿಟಕಿಯಿಂದ ಅನ್ನದ ವಾಸನೆ ಬಂದಾಗ ಉಡುಪಿ ಕಡೆಯ ಈ ಹೆಂಗಸಿನ ಪಾಡು ಏನಾಗಿರಬೇಡ!

2024ರಲ್ಲಿ ಇನ್ನೊಂದು ಗೋಜಲು. ಆ ವರ್ಷ ನಮ್ಮ ಈಸ್ಟರ್ ಮಾರ್ಚ್ 31ಕ್ಕೆ ಬಂದುಹೋಗಿತ್ತು. ಪೆಸಾಹ್ ಶುರುವಾದದ್ದು ಏಪ್ರಿಲ್ 22ರ ಸಂಜೆ. ಸಾವ್ತಾ ಕನ್ನಡಕ ಒರೆಸುತ್ತಾ ಕೇಳಿದರು: “ಪೆಸಾಹ್ ಹೊತ್ತಿಗೆ ತಾನೇ ನಿಮ್ಮ ಯೇಸು ಸತ್ತದ್ದು? ಹಾಗಾದರೆ ಸಾಯುವ ಮೂರು ವಾರ ಮೊದಲೇ ಎದ್ದುಬಂದನೇ?”

ಧರ್ಮೋಪದೇಶದ ತರಗತಿಯಲ್ಲಿ ನಮಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೊಂಕಣಿಯಲ್ಲಿ ನಾವು ಈಸ್ಟರನ್ನು ‘ಪಾಸ್ಕಾಂಚೆಂ ಫೆಸ್ತ್’ ಎನ್ನುತ್ತೇವೆ. ಪೋರ್ಚುಗೀಸರಿಂದ ಬಂದ ಆ ಮಾತಿನ ಬೇರು ಇದೇ ‘ಪೆಸಾಹ್’ ಎಂದು ತಿಳಿದದ್ದೂ ಈ ಅಡುಗೆಮನೆಯಲ್ಲಿಯೇ. ಹೆಸರು ಒಂದು, ಹುಣ್ಣಿಮೆಯೂ ಒಂದೇ ಆಗಿತ್ತು. ದಿನ ಬೇರೆಯಾದದ್ದು ಯಾವಾಗ?

ಯೇಸುಸ್ವಾಮಿ ಒಂದು ದಿನ ಹೊಸ ಧರ್ಮ ಸ್ಥಾಪಿಸಿದರು ಎಂದು ನಾನು ತಿಳಿದಿದ್ದೆ. ಆದರೆ ಅವರು ಯೆಹೂದಿ, ಶಿಷ್ಯರು ಯೆಹೂದಿಗಳು. ಗುರು ಹೋದ ಮೇಲೂ ಶಿಷ್ಯರು ಜೆರುಸಲೇಮಿನ ದೇವಾಲಯಕ್ಕೆ ನಡೆದುಕೊಳ್ಳುತ್ತಲೇ ಇದ್ದರು. ಮೊದಲ ಬಿರುಕು ಮೂಡಿದ್ದು ಊಟದ ಬಳಿ. ಹಳೆಯ ಸಿರಿಯಾದ ಅಂತಿಯೋಕ್ಯ ಪಟ್ಟಣದಲ್ಲಿ ಸುನ್ನತಿಯಾಗದ, ಯೆಹೂದಿಗಳಲ್ಲದ ಜನರೊಡನೆ ಕೂತು ಉಣ್ಣುತ್ತಿದ್ದ ಶಿಷ್ಯ ಪೇತ್ರ, ಜೆರುಸಲೇಮಿನ ಸಭೆಯ ಮುಖಂಡ ಯಕೋಬನ ಕಡೆಯವರು ಬಂದೊಡನೆ ಮೆಲ್ಲನೆ ಎದ್ದು ಬೇರೆ ಕೂತ. ಅನ್ಯಜನರಿಗೆ ಯೇಸುವಿನ ಮಾತು ಸಾರುತ್ತಿದ್ದ ಪೌಲ ಎಲ್ಲರೆದುರೇ ಅವನನ್ನು ತರಾಟೆಗೆ ತೆಗೆದುಕೊಂಡ. ಪಂಕ್ತಿಭೇದ ಎಂದರೇನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೌಲ ಇದನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಅದನ್ನು ಓದಿದಾಗಲೆಲ್ಲ ನನಗೆ ಊರಿನ ಮದುವೆ ಚಪ್ಪರಗಳು ನೆನಪಾಗುತ್ತವೆ.

ಆಮೇಲೆ ಕ್ರಿ.ಶ. 70. ರೋಮನ್ನರು ದೇವಾಲಯವನ್ನು ಸುಟ್ಟರು. ಪೆಸಾಹ್‌ಗೆ ಕುರಿ ಬಲಿ ಕೊಡುತ್ತಿದ್ದದ್ದು ಅಲ್ಲಿ ಮಾತ್ರ. ಇನ್ನು ಬಲಿ ಎಲ್ಲಿ? ಈ ಪ್ರಶ್ನೆಗೆ ಯಾವ್ನೆ ಎಂಬ ಊರಿನಲ್ಲಿ ಸೇರಿದ ಗುರುಗಳೂ ಅವರ ನಂತರದವರೂ ಪ್ರಾರ್ಥನೆ, ಅಧ್ಯಯನ, ಮನೆಯ ಊಟವನ್ನೇ ಉತ್ತರವಾಗಿ ಕೊಟ್ಟರು. ಯೇಸುವಿನ ಕಡೆಯವರು ‘ನಮ್ಮ ಪಸ್ಕದ ಕುರಿ ಅವರೇ’ ಎಂದು ಅದಾಗಲೇ ಹೇಳುತ್ತಿದ್ದರು. ಸಾವ್ತಾರ ಹಬ್ಬದ ತಟ್ಟೆಯಲ್ಲಿ ಒಂದು ಸುಟ್ಟ ಮೂಳೆ ಇರುತ್ತದೆ. ಯಾರೂ ತಿನ್ನುವುದಿಲ್ಲ, ಇಲ್ಲದ ಬಲಿಯ ನೆನಪಿಗಷ್ಟೇ. ಪೂಜೆಯಲ್ಲಿ ಪಾದ್ರಿಗಳು ಹುಳಿಯಿಲ್ಲದ ರೊಟ್ಟಿಯನ್ನೆತ್ತಿ ‘ದೇವರ ಕುರಿಮರಿ’ ಎನ್ನುವಾಗ ಈಗ ನನ್ನ ಕಣ್ಣಿಗೆ ಆ ಮೂಳೆ ಬರುತ್ತದೆ.

ಅಷ್ಟಾದರೂ ಕೆಲವೆಡೆ ಹಬ್ಬ ಒಟ್ಟಿಗೇ ಇತ್ತು. ಏಷ್ಯಾ ಮೈನರಿನ, ಅಂದರೆ ಇಂದಿನ ಟರ್ಕಿಯ ಕ್ರೈಸ್ತರು ಪೆಸಾಹ್ ಬಲಿಯ ದಿನವಾದ, ಯೆಹೂದಿಗಳ ನಿಸಾನ್ ತಿಂಗಳ 14ನೆಯ ದಿನವೇ, ವಾರ ಯಾವುದಾದರೂ ಆಗಲಿ, ಪಾಸ್ಕ ಆಚರಿಸುತ್ತಿದ್ದರು. ರೋಮಿನವರಿಗೆ ಭಾನುವಾರವೇ ಆಗಬೇಕು. ಸುಮಾರು 155ರಲ್ಲಿ ಏಷ್ಯಾ ಮೈನರಿನ ಸ್ಮಿರ್ನಾದ ವೃದ್ಧ ಬಿಷಪ್ ಪೊಲಿಕಾರ್ಪ್ ರೋಮಿಗೆ ಹೋಗಿ ಅಲ್ಲಿನ ಬಿಷಪ್ ಅನಿಸೆಟಸ್ ಜೊತೆ ಮಾತಾಡಿದರು. ಇಬ್ಬರೂ ಒಪ್ಪಲಿಲ್ಲ, ಆದರೆ ಒಂದೇ ಪೂಜೆಯಲ್ಲಿ ಪಾಲುಗೊಂಡು ಸಮಾಧಾನದಿಂದ ಬೀಳ್ಕೊಂಡರು. ನನಗೆ ಈ ಕಥೆಯಲ್ಲಿ ತುಂಬ ಹಿಡಿಸಿದವರು ಆ ಇಬ್ಬರೇ. ಮುಂದಿನ ತಲೆಮಾರಿನ ರೋಮಿನ ಬಿಷಪ್ ವಿಕ್ಟರ್ ಅದೇ ವಿಷಯಕ್ಕೆ ಬಹಿಷ್ಕಾರದ ಮಾತೆತ್ತಿದರು.

325ರಲ್ಲಿ ನಿಕೇಯಾದಲ್ಲಿ ಸೇರಿದ ಬಿಷಪರ ಸಭೆ ಎಲ್ಲರಿಗೂ ಒಂದೇ ಭಾನುವಾರ ಎಂದು ತೀರ್ಮಾನಿಸಿತು. ಯೆಹೂದಿಗಳ ಲೆಕ್ಕ ಹಿಡಿದು ಹಬ್ಬ ಮಾಡುವುದು ನಮಗೆ ಶೋಭೆಯಲ್ಲ ಎಂದು ರೋಮನ್ ಚಕ್ರವರ್ತಿ ಕಾನ್ಸ್ಟಂಟೈನ್ ಚರ್ಚುಗಳಿಗೆ ಕಾಗದ ಬರೆದ. ಆ ಕಾಗದದ ಕಹಿ ಎಷ್ಟು ಶತಮಾನ ಹರಿಯಿತೆಂಬುದಕ್ಕೆ ಸಾವ್ತಾರ ಗೋಡೆಯ ಮೇಲಿನ, ಪೋಲೆಂಡಿನಲ್ಲಿ ನಾಜಿಗಳ ಕೈಯಿಂದ ಉಳಿದು ಬಾರದ ನೆಂಟರ ಫೋಟೋಗಳೇ ಸಾಕು. ಅದರ ಮುಂದೆ ನಿಂತು ದಿನಾಂಕದ ಲೆಕ್ಕ ಒಪ್ಪಿಸುವುದು ಸುಲಭವಲ್ಲ.

ಲೆಕ್ಕ ಮಾತ್ರ ಸರಳ. ನಮ್ಮ ಪಂಚಾಂಗದಂತೆ ಅವರದ್ದರಲ್ಲೂ ಅಧಿಕಮಾಸವಿದೆ, 19 ವರ್ಷಕ್ಕೆ ಏಳು ಸಲ. 2024ರಲ್ಲಿ ಅದು ಬಂದು ಪೆಸಾಹ್ ಮುಂದಕ್ಕೆ ಹೋಯಿತು, ನಮ್ಮ ಈಸ್ಟರ್ ಹಿಂದಿನ ಹುಣ್ಣಿಮೆಯ ನಂತರದ ಭಾನುವಾರಕ್ಕೇ ಮುಗಿಯಿತು.

ಆದರೂ ಜನ ಅಷ್ಟು ಸುಲಭವಾಗಿ ಬೇರೆಯಾಗಲಿಲ್ಲ. 386ರಲ್ಲಿ ಅದೇ ಅಂತಿಯೋಕ್ಯದಲ್ಲಿ ಪಾದ್ರಿಯಾಗಿದ್ದ ಜಾನ್ ಕ್ರಿಸೊಸ್ಟಮ್, ತನ್ನ ಮಂದಿ ಯೆಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗ್‌ಗೆ ಹೋಗುತ್ತಾರೆ, ಯೆಹೂದಿಗಳ ಹಬ್ಬ ಮಾಡುತ್ತಾರೆ ಎಂದು ಬಯ್ದು ಬಯ್ದು ಪ್ರವಚನ ಕೊಟ್ಟ. ಬಯ್ಗುಳ ಹೊಲಸು. ಆದರೆ ಅಷ್ಟು ಬಯ್ಯಬೇಕಾಗಿ ಬಂದಿತ್ತು ಎಂಬುದು ನನಗೆ ಖುಷಿ ಕೊಡುತ್ತದೆ.

ಇಲ್ಲಿ ಭಾನುವಾರ ಕೆಲಸದ ದಿನ. ನಮಗೆ ರಜೆ ಸಬ್ಬತ್ತಿಗೆ. ಹಾಗಾಗಿ ಮಂಗಳೂರಿನವರು, ಮಲಯಾಳಿಗಳು, ಫಿಲಿಪ್ಪೀನ್ಸಿನವರು ಎಲ್ಲರೂ ಶನಿವಾರ ಟೆಲ್ ಅವೀವ್ ಪಕ್ಕದ ಯಾಫಾದ ಸಂತ ಅಂತೋಣಿ ಚರ್ಚಿಗೆ ಪೂಜೆಗೆ ಓಡುತ್ತೇವೆ. ನನ್ನ ಜೊತೆಗಾತಿ ಕೋಟ್ಟಯಂನವಳು. ಅವಳ ಮನೆಯಲ್ಲಿ ಪವಿತ್ರ ಗುರುವಾರ ಹುಳಿ ಬರಿಸದ ಅಕ್ಕಿಹಿಟ್ಟಿನಲ್ಲಿ ‘ಪೆಸಹಾ ಅಪ್ಪಂ’ ಬೇಯಿಸಿ, ಮನೆಯ ಹಿರಿಯರು ಮುರಿದು ಹಂಚುತ್ತಾರೆ. ಸಾವ್ತಾಗೆ ಹೇಳಿದೆ. “ಅಕ್ಕಿಯದೇ?” ಎಂದು ಮುಖ ಸಿಂಡರಿಸಿದರು.

2024ರ ಆ ಪೆಸಾಹ್ ರಾತ್ರಿ ಗಾಜಾದಲ್ಲಿದ್ದ ಒತ್ತೆಯಾಳುಗಳ ನೆನಪಿಗೆ ಒಂದು ಕುರ್ಚಿ ಖಾಲಿ ಬಿಟ್ಟಿದ್ದರು. ಕಿರಿಯ ಮೊಮ್ಮಗ ‘ಈ ರಾತ್ರಿ ಉಳಿದ ರಾತ್ರಿಗಳಿಗಿಂತ ಏಕೆ ಬೇರೆ’ ಎಂದು ಹಾಡಿ ಕೇಳಿದ. ಮರುದಿನ ಊರಿಗೆ ಫೋನು ಮಾಡಿದೆ.

“ಏನು ಗಲಾಟೆ ಇತ್ತು ನಿನ್ನೆ? ಫೋನೇ ಎತ್ತಲಿಲ್ಲ,” ಎಂದರು ಅಮ್ಮ.

“ಪಾಸ್ಕಾಂಚೆಂ ಫೆಸ್ತ್,” ಎಂದೆ.

“ಅದು ಆಗಿ ಮೂರು ವಾರವಾಯಿತಲ್ಲ ಮಗಳೇ! ಊಟ ಸರಿಯಾಗಿ ಮಾಡುತ್ತಿದ್ದೀಯಾ?”