ಕಾಯಿಲೆಯೇ ಇಲ್ಲದವರ ಲೆಕ್ಕ ನಿಮಗ್ಯಾಕೆ?

ಜನರ ನಡುವೆ ಕ್ಯಾನ್ಸರ್ ಬಗ್ಗೆ ಅಧ್ಯಯನ ಮಾಡುವ ಕೆಲಸ ನನ್ನದು. ಹಾಗೆ ಹೇಳಿದ ತಕ್ಷಣ ಬರುವ ಪ್ರಶ್ನೆ ಇದು. ಮನೆಮನೆಗೆ ಹೋಗಿ ವಯಸ್ಸೆಷ್ಟು, ತಂಬಾಕು ಹಾಕ್ತೀರಾ, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿತ್ತಾ ಅಂತ ಬರೆದುಕೊಂಡು ಬರ್ತೀರಲ್ಲ, ಅದರಿಂದ ಏನು ಉಪಯೋಗ? ಅದೇ ದುಡ್ಡಲ್ಲಿ ಒಂದಿಷ್ಟು ರೋಗಿಗಳಿಗೆ ಔಷಧ ಕೊಡಬಾರದಾ? ಹೀಗೆ ಕೇಳುವವರಲ್ಲಿ ಎಷ್ಟೋ ಜನ ತಮ್ಮವರನ್ನು ಇದೇ ಕಾಯಿಲೆಗೆ ಕಳೆದುಕೊಂಡವರು. ಅವರಿಗೆ ಸರಿಯಾದ ಉತ್ತರ ಕೊಡಲೇಬೇಕು.

ಆಸ್ಪತ್ರೆಗೆ ಕಾಣುವುದು ಬಂದವರು ಮಾತ್ರ. ಬರದೇ ಉಳಿದವರು ಯಾರು, ಯಾಕೆ ಬರಲಿಲ್ಲ, ಅದೇ ಬೀದಿಯಲ್ಲಿ ಕಾಯಿಲೆ ಬಾರದೇ ಇದ್ದವರು ಹೇಗೆ ಬದುಕುತ್ತಿದ್ದರು, ಇದೆಲ್ಲ ಅಲ್ಲಿನ ಫೈಲಿನಲ್ಲಿ ಸಿಗುವುದಿಲ್ಲ. ಕ್ಯಾನ್ಸರ್ ತಡೆಯಬೇಕು ಅಂದರೆ ಬೇಕಾಗಿರುವುದು ಇದೇ ಮಾಹಿತಿ.

ಸಿಗರೇಟಿನ ವಿಷಯ ನೋಡಿ. 1951ರಲ್ಲಿ ಬ್ರಿಟನ್ನಿನ ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅಲ್ಲಿನ ಡಾಕ್ಟರುಗಳಿಗೆ ಪತ್ರ ಬರೆದು, ನೀವು ಸೇದುತ್ತೀರಾ, ಎಷ್ಟು ಸೇದುತ್ತೀರಾ ಅಂತ ಕೇಳಿದರು. ಸುಮಾರು 40,000 ಜನ ಉತ್ತರಿಸಿದರು. ಆಮೇಲೆ ಅವರಲ್ಲಿದ್ದ ಗಂಡಸರಲ್ಲಿ ಯಾರು ಯಾವಾಗ, ಯಾವ ಕಾಯಿಲೆಯಿಂದ ಸತ್ತರು ಅನ್ನುವುದನ್ನು 50 ವರ್ಷ ಬರೆದಿಡಲಾಯಿತು. ಬಿಡದೇ ಸೇದಿದವರು ಸರಾಸರಿ 10 ವರ್ಷ ಮೊದಲೇ ಹೋದರು. 30ರಲ್ಲಿ ಬಿಟ್ಟವರು ಹೆಚ್ಚುಕಡಿಮೆ ಆ ಹತ್ತೂ ವರ್ಷ ಉಳಿಸಿಕೊಂಡರು, 50ರಲ್ಲಿ ಬಿಟ್ಟವರೂ 6 ವರ್ಷ ಉಳಿಸಿಕೊಂಡರು. ಐವತ್ತಾಯ್ತು, ಇನ್ನೇನು ಬಿಡೋದು ಅನ್ನುವವರಿಗೆ ಇವತ್ತು ಧೈರ್ಯವಾಗಿ ಹೇಳಲು ಒಂದು ಉತ್ತರ ಇದೆ ಅಂದರೆ, ಅದು ಈ ಲೆಕ್ಕದಿಂದ.

ನನಗೆ ತುಂಬಾ ಮುಖ್ಯ ಅನ್ನಿಸುವುದು ಬಾಯಿ ಕ್ಯಾನ್ಸರ್ ಬಗ್ಗೆ ಕೇರಳದಲ್ಲಿ ನಡೆದ ಅಧ್ಯಯನ. 1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯತಿಗಳನ್ನು ತೆಗೆದುಕೊಂಡರು. 7ರಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು 35 ದಾಟಿದವರ ಮನೆಗೇ ಹೋಗಿ ಬಾಯಿ ತೆರೆಸಿ ನೋಡಿದರು. ಉಳಿದ 6ರಲ್ಲಿ ಹಾಗೆ ಮಾಡಲಿಲ್ಲ. ಅಷ್ಟೇ ವ್ಯತ್ಯಾಸ. ದೊಡ್ಡ ಯಂತ್ರ ಇಲ್ಲ, ಮನೆಗೆ ಬಂದವರು ಡಾಕ್ಟರೂ ಅಲ್ಲ. 2005ರಲ್ಲಿ ಫಲಿತಾಂಶ ಬಂದಾಗ, ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿತ್ತು. ಎಲ್ಲರನ್ನೂ ಸೇರಿಸಿ ನೋಡಿದರೆ ಅಷ್ಟು ಖಚಿತವಾದ ಲಾಭ ಕಾಣಲಿಲ್ಲ. ಅಂದರೆ ಕೈಲಿರುವ ಜನ ಮತ್ತು ಸಮಯವನ್ನು ಮೊದಲು ಯಾರ ಮನೆಗೆ ಕಳಿಸಬೇಕು ಅನ್ನುವುದು ಗೊತ್ತಾಯಿತು. ತಂಬಾಕು ಹಾಕ್ತೀರಾ ಅಂತ ನಾವು ಕೇಳುವುದು ನಿಮ್ಮನ್ನು ಬೈಯಲು ಅಲ್ಲ, ಇದಕ್ಕೇ.

ಅದೇ ಅಧ್ಯಯನದ ಇನ್ನೊಂದು ಅಂಕಿ ನನ್ನನ್ನು ಬಿಟ್ಟೇ ಇಲ್ಲ. ಬಾಯಲ್ಲಿ ಏನೋ ಕಾಣುತ್ತಿದೆ, ಡಾಕ್ಟರಿಗೆ ತೋರಿಸಿ ಅಂತ ಹೇಳಿಸಿಕೊಂಡವರಲ್ಲಿ ಹೋಗಿ ತೋರಿಸಿದವರು ನೂರಕ್ಕೆ ಸುಮಾರು 63 ಜನ ಮಾತ್ರ. ಉಳಿದವರು ಹೋಗಲಿಲ್ಲ. ಹೆದರಿಕೆ ಇರಬಹುದು, ಕೂಲಿ ತಪ್ಪುತ್ತದೆ ಅಂತ ಇರಬಹುದು, ನೋವೇ ಇಲ್ಲವಲ್ಲ ಅನ್ನಿಸಿರಬಹುದು. ಆಸ್ಪತ್ರೆಯಲ್ಲಿ ಕೂತವರಿಗೆ ಇವರು ಇದ್ದಾರೆ ಅಂತಲೇ ಗೊತ್ತಾಗುತ್ತಿರಲಿಲ್ಲ, ಅಲ್ವಾ?

ಹೀಗೆ ಕೈಬಿಟ್ಟು ಹೋಗುವವರನ್ನು ಹಿಡಿದುಕೊಳ್ಳಲು ಸಾಧ್ಯ ಇದೆ. ಅಮೆರಿಕದ ಡೆಲವೇರ್ ರಾಜ್ಯದಲ್ಲಿ 2001ರಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಪರೀಕ್ಷೆ ಮಾಡಿಸಿಕೊಂಡಿದ್ದ ಬಿಳಿಯರು ನೂರಕ್ಕೆ 58, ಕಪ್ಪು ಜನ 48. ವಿಮೆ ಇಲ್ಲದವರ ಪರೀಕ್ಷೆ ಮತ್ತು ಚಿಕಿತ್ಸೆಯ ಖರ್ಚನ್ನು ಸರ್ಕಾರ ಕೊಟ್ಟಿತು. ಜೊತೆಗೆ ಫೋನು ಮಾಡಿ, ದಿನಾಂಕ ಗೊತ್ತುಮಾಡಿ, ಪರೀಕ್ಷೆ ಮುಗಿಯುವವರೆಗೂ ಬೆನ್ನಿಗಿರುವ ನರ್ಸುಗಳನ್ನು ನೇಮಿಸಿದರು. 2009ರ ಹೊತ್ತಿಗೆ ಎರಡೂ ಕಡೆ 74 ಆಯಿತು. ಕಪ್ಪು ಜನರಲ್ಲಿ ಈ ಕ್ಯಾನ್ಸರಿನ ಸಾವು ನೂರಕ್ಕೆ 42ರಷ್ಟು ಇಳಿಯಿತು. ಹೊಸ ಔಷಧ ಯಾವುದೂ ಕಂಡುಹಿಡಿದಿರಲಿಲ್ಲ. ಯಾರು ಹಿಂದೆ ಉಳಿದಿದ್ದಾರೆ ಅಂತ ಎಣಿಸಿ, ಅವರ ಹತ್ತಿರ ಹೋದರು.

ಹಾಗಾದರೆ ಎಲ್ಲರಿಗೂ ಎಲ್ಲ ಪರೀಕ್ಷೆ ಮಾಡಿಸಿಬಿಡಿ ಅಂತ ಕೆಲವರು ಹೇಳುತ್ತಾರೆ. ಬೇಡ. ದಕ್ಷಿಣ ಕೊರಿಯಾದಲ್ಲಿ ಆರೋಗ್ಯವಾಗಿದ್ದವರಿಗೂ ಕುತ್ತಿಗೆಯ ಸ್ಕ್ಯಾನ್ ಮಾಡುವುದು ಜಾಸ್ತಿಯಾಗಿ, 2011ರಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ಕ್ಕಿಂತ 15 ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಯಾವತ್ತೂ ತೊಂದರೆ ಕೊಡದಿದ್ದ ಗಂಟಿಗೆ ಎಷ್ಟೋ ಜನ ಆಪರೇಷನ್ ಮಾಡಿಸಿಕೊಂಡು ಜೀವನಪೂರ್ತಿ ಮಾತ್ರೆ ನುಂಗಬೇಕಾಯಿತು. ಇಡೀ ಜನರ ಲೆಕ್ಕ ಇದ್ದಿದ್ದಕ್ಕೆ ಇದು ಹೊರಗೆ ಬಂತು. ಬರೀ ಆಸ್ಪತ್ರೆಯಿಂದ ನೋಡಿದ್ದರೆ ಸಾವಿರಾರು ಜನರನ್ನು ಉಳಿಸಿದ ಹಾಗೇ ಕಾಣುತ್ತಿತ್ತು.

ಔಷಧದ ದುಡ್ಡಿಗೆ ಕೈ ಹಾಕಬೇಕು ಅಂತ ನಾನು ಹೇಳುತ್ತಿಲ್ಲ. ಎರಡೂ ಬೇಕು. ಆದರೆ ಯಾರಾದರೂ ಫಾರಂ ಹಿಡಿದು ನಿಮ್ಮ ಮನೆಗೆ ಬಂದರೆ, ಈ ಮಾಹಿತಿ ಯಾರ ಕೈಗೆ ಹೋಗುತ್ತದೆ, ನನ್ನ ಹೆಸರು ಹೊರಗೆ ಬರುತ್ತದಾ, ಏನಾದರೂ ಕಂಡರೆ ಚಿಕಿತ್ಸೆಗೆ ಯಾರು ದಾರಿ ತೋರಿಸುತ್ತಾರೆ ಅಂತ ಮೊದಲು ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ಬೇಡ ಅನ್ನುವ ಹಕ್ಕು ನಿಮಗಿದೆ. ಸಿಕ್ಕರೆ ಸೇರಿಕೊಳ್ಳಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಆಮೇಲೆ ಮನೆ ಬದಲಾಯಿಸಿದರೆ ಹೊಸ ವಿಳಾಸ ತಿಳಿಸಿ, ಯಾಕಂದರೆ ಹತ್ತು ವರ್ಷ ಬಿಟ್ಟು ಮತ್ತೆ ನಿಮ್ಮನ್ನು ಹುಡುಕಿಕೊಂಡು ಬರುತ್ತೇವೆ.