ಭಾನುವಾರ, ಒಂದೇ ದಿನ: ಲಾಲ್‌ಬಾಗ್ ಬಂಡೆಯಿಂದ ವಿಧಾನಸೌಧದವರೆಗೆ

ಶಿವಮೊಗ್ಗದಿಂದ ಅಕ್ಕ, ಭಾವ ಬಂದಾಗ ನಾನು ಒಂದೇ ಷರತ್ತು ಹಾಕಿದೆ. ಮಾಲ್ ಇಲ್ಲ, ಕಾರೂ ಇಲ್ಲ. ಮೆಟ್ರೋ ಹತ್ತೋದು, ಇಳಿದು ನಡೆಯೋದು, ಅಷ್ಟೇ. ಅಕ್ಕ ಮುಖ ಸಿಂಡರಿಸಿದಳು. ಆದರೆ ಬೆಂಗಳೂರಿನ ಬಂಡೆ, ಗುಡಿ, ಸರ್ಕಾರ ಮೂರನ್ನೂ ಒಂದೇ ದಿನ ನೋಡಬೇಕು ಅಂದ್ರೆ ಬೇರೆ ದಾರಿ ಇಲ್ಲ. ಆ ದಿನ ಭಾನುವಾರವಾದರೆ ಇನ್ನೂ ಒಳ್ಳೆಯದು. ಟ್ರಾಫಿಕ್ ಕಡಿಮೆ, ಕಬ್ಬನ್ ಪಾರ್ಕ್ ಒಳಗೆ ವಾಹನ ಬಿಡುವುದಿಲ್ಲ, ವಿಧಾನಸೌಧದ ಒಳಗೂ ಹೋಗಬಹುದು.

ರಾತ್ರಿ ಬಸ್ಸಿನಲ್ಲಿ ಬಂದರೆ ಇಳಿಯುವುದು ಮೆಜೆಸ್ಟಿಕ್‌ನಲ್ಲಿ. ಭಾನುವಾರ ಮೆಟ್ರೋ ಶುರುವಾಗುವುದೇ ಬೆಳಗ್ಗೆ 7ಕ್ಕೆ, ನೆನಪಿರಲಿ. ಅಲ್ಲಿವರೆಗೆ ಕಾಯೋಕೆ ಆಗದವರು ಆಟೋ ಹಿಡಿಯಬಹುದು. 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಈ ಲೆಕ್ಕ ತಲೆಯಲ್ಲಿದ್ದರೆ ಚೌಕಾಸಿ ಸುಲಭ. ನಮ್ಮನ್ನು ಕೇಳಿದ ಮೊದಲ ಆಟೋದವರು ಲಾಲ್‌ಬಾಗ್‌ಗೆ 300 ಅಂದರು. ಸುಮ್ನೆ ಕಾಫಿ ಕುಡಿದು ಮೆಟ್ರೋಗೆ ಕಾದೆವು. ಅಷ್ಟೊತ್ತಿಗೆ ಭಾವನಿಗೆ ಹೇಳಿದೆ, ನಾವು ನಿಂತಿರುವ ಈ ಬಸ್ ಸ್ಟ್ಯಾಂಡ್ ಒಂದು ಕಾಲದ ಧರ್ಮಾಂಬುಧಿ ಕೆರೆ ಅಂತ. ಕಂಠೀರವ ಸ್ಟೇಡಿಯಂ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ. ಜೋರು ಮಳೆ ಬಂದಾಗ ನಮ್ಮ ರಸ್ತೆಗಳು ಯಾಕೆ ತುಂಬುತ್ತವೆ ಅನ್ನೋದಕ್ಕೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು, ಅಲ್ವಾ?

ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ಸ್ಟೇಷನ್ನಿಗೆ ಇಳಿಯಿರಿ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ ಈಗ 240 ಎಕರೆ ಇದೆ. ಎಲ್ಲರೂ ಗಾಜಿನ ಮನೆಯ ಮುಂದೆ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನೀವು ಮೊದಲು ಬಂಡೆ ಹತ್ತಿ. ಬಿಸಿಲು ಏರಿದರೆ ಕಾಲಿಡೋಕೆ ಆಗಲ್ಲ. ಈ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು, ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬಗ್ಗಿ ನೋಡಿ, ಬೂದು ಕಲ್ಲಿನಲ್ಲಿ ಕಪ್ಪು, ಬಿಳಿ ಪಟ್ಟೆಗಳು ಅಲೆಅಲೆಯಾಗಿ ಓಡುತ್ತವೆ. ಒಳಗೆ ಆಳದಲ್ಲಿ ಕಾವಿಗೆ, ಒತ್ತಡಕ್ಕೆ ಸಿಕ್ಕಿ ಬಾಗಿದ ಕಲ್ಲು ಅದು. ಅಕ್ಕ ಒಂದು ಪಟ್ಟೆಯ ಮೇಲೆ ಬೆರಳಿಟ್ಟು ಅದು ಎಲ್ಲಿಗೆ ಹೋಗುತ್ತದೆ ಅಂತ ಹುಡುಕುತ್ತಾ ಹತ್ತು ಹೆಜ್ಜೆ ನಡೆದೇಬಿಟ್ಟಳು. ಮೇಲಿರುವ ಪುಟ್ಟ ಗೋಪುರ ಕೆಂಪೇಗೌಡರ ಹೆಸರಿನದು. ಇಂಥವು ಊರಲ್ಲಿ ನಾಲ್ಕಿವೆ.

ಅಲ್ಲಿಂದ ಬಸವನಗುಡಿಗೆ ನಡೆದೇ ಹೋಗಬಹುದು. ತಿಂಡಿಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. 1943ರಿಂದ ಇರುವ ಹೋಟೆಲ್. ಭಾನುವಾರ ಹೆಸರು ಬರೆಸಿ ಕಾಯಬೇಕು, ಸಣ್ಣ ಮಕ್ಕಳಿದ್ದರೆ ಬಾಳೆಹಣ್ಣು ಜೊತೆಗಿರಲಿ. ದೋಸೆ ತಿಂದ ಮೇಲೆ ದೊಡ್ಡ ಬಸವಣ್ಣನ ಗುಡಿ. ಇಡೀ ಬಸವ ಒಂದೇ ಕಲ್ಲಿನದು. ವೃಷಭಾವತಿ ಹುಟ್ಟುವುದು ಈ ಗುಡ್ಡದ ಬುಡದಲ್ಲೇ ಅನ್ನುತ್ತಾರೆ. ಕೆಳಗೆ ಹರಿದ ಮೇಲೆ ಆ ನದಿಯ ಪಾಡು ಏನಾಗಿದೆ ಅನ್ನೋದನ್ನು ಮೈಸೂರು ರಸ್ತೆಯಲ್ಲಿ ಮೂಗು ಮುಚ್ಚಿಕೊಂಡವರೇ ಹೇಳಬೇಕು. ದೊಡ್ಡ ನದಿ ಇಲ್ಲದ ಊರಿದು. ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕೂತಿದೆ. ಮಳೆ ನೀರು ಒಂದಷ್ಟು ಪಶ್ಚಿಮಕ್ಕೆ ಅರ್ಕಾವತಿಯ ಕಡೆ, ಉಳಿದದ್ದು ಪೂರ್ವಕ್ಕೆ ದಕ್ಷಿಣ ಪಿನಾಕಿನಿಯ ಕಡೆ. ಕುಡಿಯೋಕೆ ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲಕ್ಕೆ ತರಬೇಕು. ಕಾರ್ತಿಕದ ಕೊನೆಯ ಸೋಮವಾರಕ್ಕೆ ಹೊಂದಿಸಿಕೊಂಡು ಬಂದರೆ ಇಲ್ಲಿ ಕಡಲೆಕಾಯಿ ಪರಿಷೆ ಸಿಗುತ್ತದೆ. ರಸ್ತೆ ತುಂಬ ಹಸಿ ಕಡಲೆಕಾಯಿ, ಹುರಿದ ಕಡಲೆಕಾಯಿ, ಜೊತೆಗೆ ಜಾಸ್ತಿಯೇ ಜನ.

ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ವಿಧಾನಸೌಧ ಸ್ಟೇಷನ್ನಿಗೆ ಇಳಿಯಿರಿ. ಪ್ರವಾಸೋದ್ಯಮ ಇಲಾಖೆ 2025ರ ಜೂನ್‌ನಿಂದ ಭಾನುವಾರ ಮತ್ತು ಎರಡನೇ, ನಾಲ್ಕನೇ ಶನಿವಾರ ಗೈಡ್ ಜೊತೆ ಒಳಗೆ ಕರೆದೊಯ್ಯುತ್ತದೆ. ಟಿಕೆಟ್ ಆನ್‌ಲೈನ್‌ನಲ್ಲೇ ಮಾಡಿಸಬೇಕು, ಆಧಾರ್ ಕಾರ್ಡ್ ಜೇಬಿನಲ್ಲಿರಲಿ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ಈ ಕಟ್ಟಡ 1956ರಲ್ಲಿ ಮುಗಿಯಿತು. ವಿಧಾನಸಭೆಯ 224, ಪರಿಷತ್ತಿನ 75 ಸದಸ್ಯರು ಕೂರುವುದು ಇಲ್ಲೇ. ಚಳಿಗಾಲದ ಅಧಿವೇಶನ ಮಾತ್ರ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ. ಬಾಗಿಲ ಮೇಲೆ ಕೆತ್ತಿರುವ ‘ಸರ್ಕಾರದ ಕೆಲಸ ದೇವರ ಕೆಲಸ’ ಓದಿ, ತಾಲ್ಲೂಕು ಕಚೇರಿಯಿಂದ ರಿಟೈರ್ ಆದ ಭಾವ ನಕ್ಕರು. “ನಾನೂ ಅಷ್ಟು ವರ್ಷ ದೇವರ ಕೆಲಸ ಮಾಡಿದೆ ಕಣಯ್ಯಾ, ಪ್ರಸಾದ ಪಿಂಚಣಿಯಲ್ಲೇ ಬರ್ತಿದೆ.”

ಊರನ್ನು ನೋಡಿಕೊಳ್ಳುವುದು ಮಾತ್ರ ಈಗ ಬೇರೆ ಏರ್ಪಾಡು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಅವುಗಳ ಮೇಲೆ ಮುಖ್ಯಮಂತ್ರಿ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇದೆ. ಹಳೇ ಬೋರ್ಡು ಕಂಡರೆ ಗೊಂದಲ ಬೇಡ.

ಎದುರಿಗೇ ಕೆಂಪಗೆ ಅಠಾರಾ ಕಚೇರಿ, ಅಂದರೆ ಹೈಕೋರ್ಟ್. ಅದರ ಹಿಂದೆ 1870ರ ಕಬ್ಬನ್ ಪಾರ್ಕ್. ಮಧ್ಯಾಹ್ನದ ಬಿಸಿಲಿಗೆ ಬಿದಿರು ಮೆಳೆಗಳ ನೆರಳೇ ಗತಿ. ಜನವರಿಯಿಂದ ಮಾರ್ಚ್ ನಡುವೆ ಬಂದವರಿಗೆ ಟಬೇಬುಯಾ ಮರಗಳ ಗುಲಾಬಿ ಹೂವೂ ಸಿಗುತ್ತದೆ. ಪಾರ್ಕಿನ ಇನ್ನೊಂದು ಬದಿಯ ಸರ್ಕಾರಿ ಮ್ಯೂಸಿಯಂ ತೆರೆದಿದೆಯಾ ಅಂತ ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ತೆರೆದಿದ್ದರೆ ಆತಕೂರು ಶಾಸನ ನೋಡದೆ ಬರಬೇಡಿ. ಸುಮಾರು ಕ್ರಿ.ಶ. 949ರ ಕಲ್ಲು. ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಯ ನೆನಪಿಗೆ ನಿಲ್ಲಿಸಿದ್ದು. ಇಷ್ಟೆಲ್ಲ ರಾಜರ ಪಟ್ಟಿಯ ನಡುವೆ ಒಂದು ನಾಯಿಗೆ ಕಲ್ಲು ನೆಟ್ಟವರ ಮೇಲೆ ನನಗೆ ತುಂಬ ಪ್ರೀತಿ.

ಭಾನುವಾರ ಆಗದೇ ಇದ್ದರೆ ಸೋಮವಾರ, ಶುಕ್ರವಾರ ಬಿಟ್ಟು ಬನ್ನಿ. ಸೋಮವಾರ ಮ್ಯೂಸಿಯಂ ರಜೆ, ಶುಕ್ರವಾರ ವಿದ್ಯಾರ್ಥಿ ಭವನ ರಜೆ. ಏಪ್ರಿಲ್, ಮೇ ತಿಂಗಳಾದರೆ ಬೆಳಗ್ಗೆ ಎಷ್ಟೇ ಬಿಸಿಲಿದ್ದರೂ ಕೊಡೆ ಹಿಡಿದೇ ಹೊರಡಿ. ಸಂಜೆ ನಾಲ್ಕರ ಮೇಲಿನ ಮಳೆಗೆ ಮೊದಲು ಸಿಗುವ ಆಸರೆ ಮೆಟ್ರೋ ಸ್ಟೇಷನ್ನೇ, ಅಲ್ಲಿ ನಿಲ್ಲೋಕೂ ಜಾಗ ಇರಲ್ಲ.