ಹಾರ್ಲೆಮ್‌ಗೆ ಟೂರ್ ಬಸ್ ಬೇಡ, 135ನೇ ಬೀದಿಯಲ್ಲಿ ಇಳಿಯಿರಿ

ನ್ಯೂಯಾರ್ಕ್‌ನಲ್ಲಿ ಕಪ್ಪು ಜನರ ಹೆಸರಾಂತ ಬಡಾವಣೆ ಹಾರ್ಲೆಮ್ ನೋಡಬೇಕು ಅಂದರೆ ಎಲ್ಲರೂ ಟೂರ್ ಬಸ್ಸನ್ನೇ ತೋರಿಸುತ್ತಾರೆ. ದಯವಿಟ್ಟು ಹತ್ತಬೇಡಿ. ನಾವು ಹತ್ತಿದ ಬಸ್ಸಿನವರು, ಕಪ್ಪು ಜನರ ಇತಿಹಾಸದ ಗ್ರಂಥಾಲಯವಾದ ಷೋಂಬರ್ಗ್ ಸೆಂಟರ್ ಒಳಗೆ ಕರೆದುಕೊಂಡು ಹೋಗುತ್ತೇವೆ ಅಂತ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದರು. ಬಸ್ಸು ನಿಲ್ಲಲೇ ಇಲ್ಲ. ಗೈಡ್ ಮೈಕಿನಲ್ಲಿ "ಎಡಗಡೆ ನೋಡಿ" ಅಂದ, ಕತ್ತು ತಿರುಗಿಸುವಷ್ಟರಲ್ಲಿ ಸಿಗ್ನಲ್ ದಾಟಿಯಾಗಿತ್ತು. ದುಡ್ಡು ವಾಪಸ್ ಕೇಳಿದರೆ ಟ್ರಾಫಿಕ್ ಕಥೆ ಹೇಳಿದರು.

ಸಬ್‌ವೇಯ 2 ಅಥವಾ 3ನೇ ನಂಬರಿನ ರೈಲು ಹಿಡಿದು 135ನೇ ಬೀದಿಯಲ್ಲಿ ಇಳಿದರೆ ಸಾಕು, ಸೆಂಟರ್ ಪಕ್ಕದಲ್ಲೇ ಇದೆ. ಒಳಗೆ ಹೋಗಲು ಟಿಕೆಟ್ಟೇ ಇಲ್ಲ! ಭಾನುವಾರ ಮಾತ್ರ ಹೋಗಬೇಡಿ, ಬಾಗಿಲು ಹಾಕಿರುತ್ತದೆ.

ಸೆಂಟರಿಗೆ ಯಾರ ಹೆಸರಿದೆಯೋ ಆ ಆರ್ತುರೋ ಷೋಂಬರ್ಗ್ 1874ರಲ್ಲಿ ಪೋರ್ಟೊರಿಕೊದಲ್ಲಿ ಹುಟ್ಟಿದವರು. ಕಪ್ಪು ಜನರಿಗೆ ಇತಿಹಾಸವೇ ಇಲ್ಲ ಅಂತ ಶಾಲೆಯಲ್ಲಿ ಟೀಚರ್ ಹೇಳಿದ್ದರಂತೆ. 1891ರಲ್ಲಿ ನ್ಯೂಯಾರ್ಕ್‌ಗೆ ಬಂದರು. ಮುಂದೆ ಬ್ಯಾಂಕೊಂದರ ಟಪಾಲು ವಿಭಾಗದಲ್ಲಿ ಕೆಲಸ ಮಾಡುತ್ತಲೇ ಪುಸ್ತಕ, ಹಸ್ತಪ್ರತಿ, ಚಿತ್ರ ಕೂಡಿಹಾಕಿದರು. ಗುಲಾಮಳಾಗಿದ್ದ ಕವಯಿತ್ರಿ ಫಿಲ್ಲಿಸ್ ವೀಟ್ಲಿಯ ಕವಿತೆಗಳೂ ಅದರಲ್ಲಿದ್ದವು. 1926ರಲ್ಲಿ ಕಾರ್ನೆಗಿ ಕಾರ್ಪೊರೇಷನ್ ಅನ್ನುವ ದತ್ತಿ ಸಂಸ್ಥೆ 10,000 ಡಾಲರ್ ಕೊಟ್ಟು, 5,000ಕ್ಕೂ ಜಾಸ್ತಿ ಪುಸ್ತಕಗಳಿದ್ದ ಆ ಸಂಗ್ರಹವನ್ನು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಗೆ ಕೊಡಿಸಿತು. ಆ ದುಡ್ಡಲ್ಲಿ ಈ ಮನುಷ್ಯ ಮಾಡಿದ್ದೇನು? ಸ್ಪೇನ್‌ಗೆ ಹೋಗಿ ಮತ್ತೆ ಹಳೇ ಕಾಗದ ಹುಡುಕಿದರು! ಹುಚ್ಚು ಅಂದರೆ ಇದು.

ಅವರ ಪುಸ್ತಕಗಳೆಲ್ಲ ಕಪಾಟಿನಲ್ಲಿ ಸಾಲಾಗಿ ಕಾಣುತ್ತವೆ ಅಂದುಕೊಳ್ಳಬೇಡಿ. ಹಸ್ತಪ್ರತಿ ನೋಡಬೇಕಾದರೆ ಮೊದಲೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಕು. ಸುಮ್ನೆ ನೋಡಲು ಬಂದವರಿಗೆ ಪ್ರದರ್ಶನಗಳಿವೆ. ಜೊತೆಗೆ ಒಂದು ನೆಲ. ಹೌದು, ನೆಲ. ವೃತ್ತಾಕಾರದ ಹಾಸು, ಅದರಲ್ಲಿ ಹರಿಯುವ ನದಿಗಳ ಗೆರೆ, ಹಿತ್ತಾಳೆ ಅಕ್ಷರ. ಅದರಡಿಯಲ್ಲಿ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಚಿತಾಭಸ್ಮವಿದೆ. ಜನ ಅದರ ಮೇಲೇ ಓಡಾಡುತ್ತಾರೆ, ಯಾರೂ ತಡೆಯುವುದಿಲ್ಲ. ನನಗೆ ಚಪ್ಪಲಿ ಕಾಲಿಡಲು ಮನಸ್ಸಾಗಲಿಲ್ಲ, ಪಕ್ಕದಲ್ಲೇ ಸುತ್ತಿದೆ.

ಯಲ್ಲಾಪುರ, ಹಳಿಯಾಳದ ಕಡೆಯವರಿಗೆ ಒಂದು ಮಾತು: ಭಾರತಕ್ಕೆ ಬಂದ ಆಫ್ರಿಕನ್ನರ ಬಗ್ಗೆ 2013ರಲ್ಲಿ ಇದೇ ಸೆಂಟರ್ ಪ್ರದರ್ಶನ ಮಾಡಿತ್ತು. ನಮ್ಮ ಸಿದ್ದಿಗಳ ಮೂಲದ ಕಥೆ, ಅಷ್ಟು ದೂರದಲ್ಲಿ!

ಊಟಕ್ಕೆ ಟೂರಿಸ್ಟ್ ಹೋಟೆಲುಗಳ ಕ್ಯೂನಲ್ಲಿ ನಿಲ್ಲಬೇಡಿ. ಗದ್ದಲ ನನಗಂತೂ ಆಗುವುದಿಲ್ಲ. ಪೂರ್ವ ಹಾರ್ಲೆಮ್‌ಗೆ ಹೋಗಿ, ಅದು ಪೋರ್ಟೊರಿಕೊದವರ ಹಳೇ ಬಡಾವಣೆ. ಕೌಂಟರ್ ಮುಂದೆ ಏಳೆಂಟು ಸ್ಟೂಲ್ ಅಷ್ಟೇ ಇದ್ದ ಅಂಗಡಿಯಲ್ಲಿ ತಿಂದೆವು. ಬಿಸಿ ಹಳದಿ ಅನ್ನ, ಮೇಲೆ ಗಟ್ಟಿ ಬೀನ್ಸ್ ಕಾಳಿನ ಸಾರು, ಪಕ್ಕದಲ್ಲಿ ಕರಿದ ಬಾಳೆಹಣ್ಣು, ಅಂಚು ಮಾತ್ರ ಕರಕಲು. ಬೆಳ್ಳುಳ್ಳಿ ಎಣ್ಣೆ ಕೇಳಿದರೆ ಬಟ್ಟಲೇ ಕೊಟ್ಟರು. ಒಂದು ಪ್ಲೇಟು ಇಬ್ಬರಿಗೆ ಸಾಕಾಗಿ ಮಿಕ್ಕಿತು. ಸಸ್ಯಾಹಾರಿಗಳು ಕಾಳಿಗೆ ಹಂದಿಮಾಂಸ ಹಾಕಿದ್ದಾರಾ ಅಂತ ಮೊದಲೇ ಕೇಳಿ, ಎಷ್ಟೋ ಕಡೆ ಹಾಕುತ್ತಾರೆ.